ನೋಡಲಾಗದ ಸಿನಿಮಾದ ಬಗ್ಗೆ ಬರೆಯುವಾಗ

ನಮಸ್ಕಾರ,

'ಲಂಡನ್ ಆಫ್ಟರ್ ಮಿಡ್‌ನೈಟ್' ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನನಗೂ ತುಂಬಾ ಇಷ್ಟವಾದದ್ದು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ತೊಂದರೆ ಮೊದಲ ಪ್ಯಾರಾದಲ್ಲೇ ಇದೆ. ಚಿತ್ರದ ನಾಯಕನಟ ಲಾನ್ ಚೇನಿ ನಡೆದು ಬರುವ ರೀತಿಗೆ ಮೈ ಜುಮ್ಮೆನ್ನುತ್ತದೆ ಎಂದಿದ್ದೀರಿ. ಆ ನಡಿಗೆಯನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ. 1927ರ ಈ ಮೂಕಿ ಚಿತ್ರದ ಕೊನೆಯ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಆ ಕಾಲದ ನೈಟ್ರೇಟ್ ರೀಲು ಒಮ್ಮೆ ಹತ್ತಿಕೊಂಡರೆ ನೀರಿಗೂ ಬಗ್ಗುವುದಿಲ್ಲ. ನೀವು ನೋಡಿದ್ದು 2002ರಲ್ಲಿ ಟಿಸಿಎಂ ಎಂಬ ಟಿವಿ ವಾಹಿನಿ ಈ ಚಿತ್ರದ ಸ್ಟಿಲ್ ಫೋಟೋಗಳನ್ನು ಜೋಡಿಸಿ ಮಾಡಿದ್ದು, ಅಲ್ವಾ? ಹಾಗಾದರೆ ಅದನ್ನೇ ಹೇಳಿ. ಅಲ್ಲಿ ಯಾರೂ ನಡೆಯುವುದಿಲ್ಲ, ಫೋಟೋದ ಮೇಲೆ ಕ್ಯಾಮೆರಾ ಮಾತ್ರ ಸರಿಯುತ್ತದೆ.

ಇನ್ನೊಂದು ಮಾತು. ಉದ್ದಕ್ಕೂ ಇದನ್ನು ರಕ್ತಪಿಶಾಚಿ ಕಥೆ ಎಂದೇ ಕರೆದಿದ್ದೀರಿ. ಇದು ಕೊಲೆಯ ಕಥೆ. ಬಾಲ್ಫೋರ್ ಎಂಬ ಶ್ರೀಮಂತ ಗುಂಡೇಟಿನಿಂದ ಸತ್ತಾಗ ಆತ್ಮಹತ್ಯೆ ಎಂದು ಬರೆದುಕೊಂಡು ಪೊಲೀಸರು ಹೋಗುತ್ತಾರೆ. ಐದು ವರ್ಷದ ನಂತರ ಅದೇ ಮನೆಗೆ ಚೂಪು ಹಲ್ಲು, ಎತ್ತರದ ಟೋಪಿಯವನೊಬ್ಬ ಬಂದು ಸೇರುತ್ತಾನೆ. ಕೊಲೆಗಾರನನ್ನು ಹಿಪ್ನಾಟೈಸ್ ಮಾಡಿ ಆ ರಾತ್ರಿಯನ್ನು ಅವನಿಂದಲೇ ಮತ್ತೆ ಆಡಿಸಲು ಹೂಡಿದ ನಾಟಕ ಅದು. ಟೋಪಿಯವನು ಬೇರೆ ಯಾರೂ ಅಲ್ಲ, ಸ್ಕಾಟ್ಲೆಂಡ್ ಯಾರ್ಡ್‌ನ, ಅಂದರೆ ಲಂಡನ್ ಪೊಲೀಸಿನ, ಇನ್‌ಸ್ಪೆಕ್ಟರ್ ಬರ್ಕ್. ಎರಡೂ ವೇಷ ಚೇನಿಯದೇ. ಇಷ್ಟು ದೊಡ್ಡ ವಿಷಯಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು!

ಬದಲಿಗೆ, 2014ರಲ್ಲಿ ಇದರ ಪೋಸ್ಟರ್ 4,78,000 ಡಾಲರಿಗೆ ಹೋದದ್ದಕ್ಕೆ ಒಂದು ಪುಟ ಹೋಗಿದೆ. ಅದನ್ನು ಎರಡು ಸಾಲಿಗೆ ಇಳಿಸಿ. ಆ ಜಾಗದಲ್ಲಿ ನಿರ್ದೇಶಕ ಟಾಡ್ ಬ್ರೌನಿಂಗ್ 1935ರಲ್ಲಿ ಇದೇ ಕಥೆಯನ್ನು 'ಮಾರ್ಕ್ ಆಫ್ ದಿ ವ್ಯಾಂಪೈರ್' ಎಂದು ಮತ್ತೆ ತೆಗೆದದ್ದನ್ನು ಬರೆಯಿರಿ. ಚೇನಿ ಒಬ್ಬನೇ ಮಾಡಿದ್ದನ್ನು ಅಲ್ಲಿ ಲಯನೆಲ್ ಬ್ಯಾರಿಮೋರ್ ಮತ್ತು ಬೆಲಾ ಲುಗೋಸಿಗೆ ಹಂಚಿದ್ದಾರೆ. ಆ ಚಿತ್ರ ಈಗಲೂ ಸಿಗುತ್ತದೆ. ಸ್ಟಿಲ್‌ಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಕಳೆದುಹೋದದ್ದು ಏನೆಂದು ಆಗ ಸ್ವಲ್ಪ ಗೊತ್ತಾಗುತ್ತದೆ.

'ಮಹಾನ್ ಕೃತಿ' ಎಂಬ ಮಾತನ್ನೂ ತೆಗೆಯಿರಿ. ಸುಟ್ಟುಹೋಗುವ ಮುಂಚೆ ನೋಡಿದ್ದ ಕೆಲವರೇ ಅಷ್ಟೇನೂ ಮೆಚ್ಚಿರಲಿಲ್ಲ. ಸಿಗದೇ ಹೋದ ಮೇಲೆ ಅದರ ಹೆಸರು ಜಾಸ್ತಿಯಾಯಿತು. ಯಾಕೆ ಹಾಗಾಯಿತು ಎಂದು ಯೋಚಿಸಿ ಬರೆಯಿರಿ.

ಚಿಕ್ಕಂದಿನಲ್ಲಿ ಆ ಟೋಪಿಯವನ ಫೋಟೋ ನೋಡಿ ಪುಸ್ತಕ ಮುಚ್ಚಿಟ್ಟೆ ಎಂದು ಕೊನೆಗೆಲ್ಲೋ ಬರೆದಿದ್ದೀರಲ್ಲ, ಅದು ನಿಮ್ಮದೇ ಅನುಭವ. ಲೇಖನ ಅಲ್ಲಿಂದ ಶುರುವಾಗಲಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

— ಸಂಪಾದಕ