ಯೋಗ ಕೇಂದ್ರದ ವೆಬ್‌ಸೈಟಿಗೆ ಯಾವ ಫಾಂಟ್? ವೇಳಾಪಟ್ಟಿಯಿಂದ ಶುರು ಮಾಡಿ

ಬಳ್ಳಿಯ ಹಾಗೆ ಹರಿಯುವ ಕೈಬರಹದ ಫಾಂಟ್ ಒಂದು, ಕೂದಲೆಳೆಯಷ್ಟು ಸಪೂರವಾದ ಫಾಂಟ್ ಇನ್ನೊಂದು. ಯೋಗ ಕೇಂದ್ರದ ವೆಬ್‌ಸೈಟಿಗೆ ಇವೆರಡರಲ್ಲಿ ಯಾವುದು ಹೆಚ್ಚು ಶಾಂತವಾಗಿ ಕಾಣುತ್ತದೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡೂ ಬೇಡ.

ಯಾಕೆ ಅನ್ನುವುದಕ್ಕೆ ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಯೋಗ ಕೇಂದ್ರಕ್ಕೆ ಸೈಟ್ ಮಾಡಿಕೊಟ್ಟಿದ್ದೆ. ಶೀರ್ಷಿಕೆಯಿಂದ ಹಿಡಿದು ಒಳಗಿನ ಬರಹದವರೆಗೆ ಎಲ್ಲದಕ್ಕೂ ಕಾರ್ಮೊರಂಟ್ ಗ್ಯಾರಮಾಂಡ್ ಅನ್ನುವ ಫಾಂಟ್, ಅದೂ ಅದರ ಸಪೂರ ಗೆರೆಯ ಲೈಟ್ ರೂಪ. ಬಿಳಿ ಹಿನ್ನೆಲೆ, ತಿಳಿ ಬೂದು ಅಕ್ಷರ. ನನ್ನ ದೊಡ್ಡ ಮಾನಿಟರಿನಲ್ಲಿ ಮಂಜು ಕವಿದ ಬೆಳಗಿನ ಹಾಗೆ ಕಾಣುತ್ತಿತ್ತು. ಕೇಂದ್ರದವರಿಗೂ ಖುಷಿಯಾಯಿತು. ಎರಡು ವಾರ ಕಳೆಯುವುದರೊಳಗೆ ಅವರಿಗೆ ಫೋನಿನ ಮೇಲೆ ಫೋನು: "ನಾಳೆ ಕ್ಲಾಸು ಆರಕ್ಕೋ, ಎಂಟಕ್ಕೋ?" ಮೊಬೈಲಿನಲ್ಲಿ ಆ ಸಪೂರ ಗೆರೆಗಳು ಮಾಸಿಹೋಗಿ 6 ಯಾವುದು, 8 ಯಾವುದು ಅಂತ ತಿಳಿಯುತ್ತಿರಲಿಲ್ಲ. ಪಾಪ, ಫಾಂಟನ್ನು ದೂರಬಾರದು. ಅದನ್ನು ರೂಪಿಸಿದ್ದೇ ದೊಡ್ಡ ಗಾತ್ರದ ಶೀರ್ಷಿಕೆಗಳಿಗೆ. ಚಿಕ್ಕ ಬರಹಕ್ಕೆ ಎಳೆತಂದವನು ನಾನು.

ಆಮೇಲಿಂದ ಇಂಥ ಯಾವುದೇ ಸೈಟಿಗೆ ಫಾಂಟ್ ಹುಡುಕುವಾಗ ನಾನು ಮೊದಲು ಬರೆದು ನೋಡುವುದು ಕೇಂದ್ರದ ಹೆಸರನ್ನಲ್ಲ, ತರಗತಿಗಳ ವೇಳಾಪಟ್ಟಿಯನ್ನು. ಜನ ಮತ್ತೆ ಮತ್ತೆ ತೆರೆಯುವ ಪುಟ ಅದೇ. ಅಲ್ಲಿ 1 ಮತ್ತು 7, 6 ಮತ್ತು 8 ಒಂದೇ ನೋಟಕ್ಕೆ ಬೇರೆಯಾಗಿ ಕಾಣಬೇಕು. ಕೆಲವು ಫಾಂಟ್‌ಗಳಲ್ಲಿ ಅಂಕಿಗಳು ಹಳೆಯ ಶೈಲಿಯವು, ಒಂದು ಮೇಲೆ ಏರಿದರೆ ಇನ್ನೊಂದು ಸಾಲಿನ ಕೆಳಗೆ ಇಳಿದಿರುತ್ತದೆ. ಕಥೆ ಓದುವಾಗ ಅದು ಚೆಂದ, ಪಟ್ಟಿಯಲ್ಲಿ ಕಿರಿಕಿರಿ. ಎಲ್ಲ ಅಂಕಿಗೂ ಸಮಾನ ಅಗಲವಿರುವ ಟ್ಯಾಬ್ಯುಲರ್ ಅಂಕಿಗಳು ಫಾಂಟಿನಲ್ಲಿ ಇದ್ದರೆ ಅವನ್ನು ಬಳಸಿ, ಸಮಯಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು ಅನ್ನುತ್ತದೆ ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ. ದೊಡ್ಡ ಶೀರ್ಷಿಕೆಗೆ 3:1 ಸಾಕು. ಬಣ್ಣದ ಕೋಡಿನಲ್ಲಿ ಆರು ಸಲ 9 ಹಾಕಿದರೆ ಬರುವ ಬೂದು ನಮ್ಮ ವಿನ್ಯಾಸಕಾರರಿಗೆಲ್ಲ ಬಲು ಪ್ರೀತಿ. ಬಿಳಿಯ ಮೇಲೆ ಅದಕ್ಕೆ 3:1 ಕೂಡ ದಕ್ಕುವುದಿಲ್ಲ.

ಇನ್ನು ಹೆಸರುಗಳು. ಒಳಗಿನ ಬರಹಕ್ಕೆ ಲ್ಯಾಟೊ ಅಥವಾ ನುನಿಟೊ ನೋಡಿ. ನುನಿಟೊದ ಗೆರೆಗಳ ತುದಿ ದುಂಡಗಿದೆ, ಎಲ್ಲೂ ಚುಚ್ಚುವುದಿಲ್ಲ. ಲ್ಯಾಟೊ 2010ರಲ್ಲಿ ಬಂದದ್ದು. ಪೋಲಿಷ್ ಭಾಷೆಯಲ್ಲಿ ಆ ಮಾತಿಗೆ ಬೇಸಿಗೆ ಎಂದರ್ಥ. ಶೀರ್ಷಿಕೆಗೆ ಸ್ವಲ್ಪ ಗಾಂಭೀರ್ಯ ಬೇಕೆನಿಸಿದರೆ ಲೋರಾ ಒಳ್ಳೆಯ ಸೆರಿಫ್, ಅಂದರೆ ಗೆರೆಗಳ ತುದಿಯಲ್ಲಿ ಪುಟ್ಟ ಚಾಚು ಇರುವ ಫಾಂಟ್. ಜೋಸೆಫಿನ್ ಸ್ಯಾನ್ಸ್ ತುಂಬ ಜನ ಹೇಳುತ್ತಾರೆ, ಆದರೆ ಅದರ ಸಣ್ಣಕ್ಷರಗಳು ತೀರಾ ಗಿಡ್ಡ. 16 ಪಿಕ್ಸೆಲ್ ಕೊಟ್ಟರೂ 13ರ ಹಾಗೆ ಕಾಣುತ್ತದೆ. ಪಪೈರಸ್ ಮಾತ್ರ ದಯವಿಟ್ಟು ಬೇಡ. 1980ರ ದಶಕದ ಶುರುವಿನಲ್ಲಿ ಕ್ರಿಸ್ ಕಾಸ್ಟೆಲೊ ಕೈಯಿಂದ ಬರೆದ ಆ ಅಕ್ಷರಗಳು ಕಂಪ್ಯೂಟರುಗಳ ಜತೆಗೇ ಬರತೊಡಗಿದ ಮೇಲೆ 'ಪ್ರಾಚೀನ' ಅಂತ ತೋರಿಸಿಕೊಳ್ಳಬೇಕಾದ ಪ್ರತಿ ಬೋರ್ಡಿನ ಮೇಲೂ ಕೂತವು.

ಆ ಕೈಬರಹದ ಫಾಂಟ್ ಬಿಡಲು ಮನಸ್ಸಿಲ್ಲದಿದ್ದರೆ ಲೋಗೋದಲ್ಲಿ ಇಟ್ಟುಕೊಳ್ಳಿ, ಅಲ್ಲಿಂದ ಕೆಳಗಿಳಿಸಬೇಡಿ.

ಯೋಗದ ಸೈಟುಗಳಿಗೇ ಅಂಟಿದ ಇನ್ನೊಂದು ತಾಪತ್ರಯವಿದೆ. ಆಸನಗಳ ಸಂಸ್ಕೃತ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಶುದ್ಧವಾಗಿ ಬರೆಯಹೊರಟರೆ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಬರುತ್ತವೆ. ದೀರ್ಘದ ಗೆರೆ ಇದ್ದೂ 'ಷ', 'ಣ'ಗಳ ಚುಕ್ಕಿ ಇಲ್ಲದ ಫಾಂಟ್‌ಗಳು ಬೇಕಾದಷ್ಟಿವೆ. ಆಗ ಬ್ರೌಸರ್ ಅದೊಂದು ಅಕ್ಷರವನ್ನು ಬೇರೆ ಫಾಂಟಿನಿಂದ ತಂದು ತುರುಕುತ್ತದೆ, 'ವೃಕ್ಷಾಸನ'ದ ನಡುವೆ ತೇಪೆ ಹಾಕಿದ ಹಾಗೆ. ಅದೇ ಹೆಸರನ್ನು ಮೊದಲೇ ಬರೆದು ಪರೀಕ್ಷಿಸಿ.

ಕನ್ನಡದಲ್ಲೂ ಪುಟಗಳಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಅಂತರ ಸಾಕು. ಒತ್ತಕ್ಷರಗಳು ಕೆಳಗೆ ಇಳಿಯುವ ನಮ್ಮ ಲಿಪಿಗೆ ನಾನು 1.7 ಅಥವಾ 1.8 ಕೊಡುತ್ತೇನೆ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಪುಟವೆಲ್ಲ ಸಿಕ್ಕುಸಿಕ್ಕಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ನೆಮ್ಮದಿಯಾಗಿ ಓದಿಸುತ್ತವೆ. ಪುಸ್ತಕದ ಛಾಯೆ ಬೇಕಿದ್ದರೆ ಟಿರೊ ಕನ್ನಡ. ಬಲೂ ತಮ್ಮ ಮುದ್ದಾಗಿದೆ, ಆದರೆ ಮಕ್ಕಳ ಬೇಸಿಗೆ ಶಿಬಿರ ನೆನಪಾಗುತ್ತದೆ. ಇಟಾಲಿಕ್ ಹಾಕಬೇಡಿ. ಇಟಾಲಿಕ್ ರೂಪವನ್ನು ಪ್ರತ್ಯೇಕವಾಗಿ ಬರೆದಿರದ ಫಾಂಟಿನಲ್ಲಿ ಬ್ರೌಸರ್ ಅಕ್ಷರಗಳನ್ನು ಸುಮ್ಮನೆ ಒಂದು ಕಡೆಗೆ ವಾಲಿಸುತ್ತದೆ.

ಎಲ್ಲ ಆದ ಮೇಲೆ ಮೊಬೈಲಿನ ಬೆಳಕನ್ನು ಅರ್ಧಕ್ಕೆ ಇಳಿಸಿ, ಓದುವ ಕನ್ನಡಕ ಹಾಕುವ ಯಾರದಾದರೂ ಕೈಗೆ ಕೊಟ್ಟು, ಕನ್ನಡಕ ಇಲ್ಲದೆ "ಗುರುವಾರ ಸಂಜೆ ಕ್ಲಾಸ್ ಎಷ್ಟಕ್ಕೆ?" ಅಂತ ಕೇಳಿ. ಹೇಳಿದರೆ ಸರಿ. ಫೋನನ್ನು ಮೂಗಿನ ಹತ್ತಿರ ತಂದರೆ ಗಾತ್ರ 18 ಪಿಕ್ಸೆಲ್ ಮಾಡಿ ಮತ್ತೆ ಕೊಡಿ.