ವೀರಗಲ್ಲಿನಲ್ಲಿ ಕಾಣುವುದು ರಾಷ್ಟ್ರೀಯತೆಯೇ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಬಳಿ ಒಂದು ವೀರಗಲ್ಲಿದೆ. ರಾಷ್ಟ್ರಾಭಿಮಾನ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು ಎನ್ನುವುದಕ್ಕೆ ಅದೇ ಸಾಕ್ಷಿ ಎಂಬುದು ನನ್ನ ವಾದ. ಬಿ.ಎ. ಓದುತ್ತಿರುವ ಮಗಳು, ‘ರಾಷ್ಟ್ರೀಯತೆಗೆ 250 ವರ್ಷವೂ ತುಂಬಿಲ್ಲ, ಅದು ಹುಟ್ಟಿದ್ದು ಯುರೋಪಿನಲ್ಲಿ’ ಎನ್ನುತ್ತಾಳೆ. ಯಾರ ಮಾತು ಸರಿ? ಅಷ್ಟು ಹೊಸದಾಗಿದ್ದರೆ ಜನ ಅದಕ್ಕಾಗಿ ಜೀವ ಕೊಡುವುದೇಕೆ?
– ಓದುಗರೊಬ್ಬರು, ಸೊರಬ ತಾಲ್ಲೂಕು

ಉತ್ತರ: ಮಗಳ ಮಾತು ಹೆಚ್ಚು ಸರಿ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಅವಳ ಉತ್ತರ ಸಾಲದು.

ಆ ಕಲ್ಲಿನ ಕೆಳಗಿನ ಪಟ್ಟಿಕೆಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಹಸುಗಳಿದ್ದರೆ ಅದು ತುರುಗೊಳ್ ಕಾಳಗ: ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಮಡಿದವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲೆ ಅವನು ಲಿಂಗದ ಸನ್ನಿಧಿ ಸೇರಿದ್ದಾನೆ. ಸತ್ತದ್ದು ಊರಿಗೆ, ತುರುವಿಗೆ, ಒಡೆಯನ ಅನ್ನದ ಋಣಕ್ಕೆ, ಸಿಕ್ಕಿದ್ದು ಸ್ವರ್ಗ. ದನ ಹೊಡೆದವನೂ ಎಷ್ಟೋ ಸಲ ಕನ್ನಡದವನೇ.

ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೊಗಳಿತಲ್ಲ ಎಂದು ನೀವು ಕೇಳಬಹುದು. ಹೊಗಳಿತು, ಅದೂ ಒಂಬತ್ತನೆಯ ಶತಮಾನದಲ್ಲಿ. ಅದು ನಾಡಿನ ಮೇಲಿನ ಪ್ರೀತಿ. ಆದರೆ ಕನ್ನಡ ಆಡುವವರಿಗೆಲ್ಲ ಒಂದೇ ರಾಜ್ಯ ಇರಬೇಕು, ಆಳುವ ಅಧಿಕಾರ ಆ ಜನರದೇ ಆಗಬೇಕು ಎಂದು ಅಮೋಘವರ್ಷನ ಆಸ್ಥಾನದಲ್ಲಿ ಯಾರೂ ಕೇಳಲಿಲ್ಲ. ರಾಷ್ಟ್ರಕೂಟರ ಗಡಿ ನಿಂತದ್ದು ಸೈನ್ಯದ ಬಲದ ಮೇಲೆ, ಭಾಷೆಯ ಮೇಲಲ್ಲ.

ಅಧಿಕಾರ ಜನರದು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು 1789ರ ಫ್ರಾನ್ಸಿನಲ್ಲಿ. ಸಾರ್ವಭೌಮತ್ವದ ಮೂಲ ರಾಷ್ಟ್ರವೇ ಎಂದು ಆ ವರ್ಷದ ಹಕ್ಕುಗಳ ಘೋಷಣೆ ಸಾರಿತು. 1792ರ ಸೆಪ್ಟೆಂಬರ್ 20ರಂದು ವಾಲ್ಮಿಯ ರಣರಂಗದಲ್ಲಿ ಫ್ರೆಂಚ್ ಸೇನಾಪತಿ ಕೆಲ್ಲರ್‌ಮನ್ ಕತ್ತಿಯ ತುದಿಗೆ ಟೊಪ್ಪಿಗೆ ಸಿಕ್ಕಿಸಿ ಎತ್ತಿ, ‘ರಾಷ್ಟ್ರಕ್ಕೆ ಜಯವಾಗಲಿ’ ಎಂದು ಕೂಗಿದ. ಅಲ್ಲಿಯವರೆಗೆ ಜಯಕಾರ ದೊರೆಯ ಹೆಸರಿಗಿತ್ತು. ಮರುದಿನವೇ ಅರಸೊತ್ತಿಗೆ ರದ್ದಾಯಿತು.

ತಮಾಷೆಯೆಂದರೆ, ಆ ‘ರಾಷ್ಟ್ರ’ಕ್ಕೆ ಇನ್ನೂ ಒಂದು ಭಾಷೆಯೂ ಇರಲಿಲ್ಲ. ಸುಮಾರು 60 ಲಕ್ಷ ಜನರಿಗೆ ಫ್ರೆಂಚ್ ಬಾರದು ಎಂದು ಪಾದ್ರಿ ಗ್ರೆಗ್ವಾರ್ 1794ರಲ್ಲಿ ವರದಿ ಕೊಟ್ಟ. ಆ ಕೊರತೆ ತುಂಬಿದ್ದು ಶಾಲೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಅಲ್ಲಿನ ಮನೆಮಾತಾದ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಪ್ಪಲಿಯಂಥದ್ದೇನನ್ನೋ ತೂಗುಹಾಕುತ್ತಿದ್ದರು. ಇನ್ನೊಬ್ಬ ಬ್ರೆಟನ್ ಆಡಿದ್ದು ಕಿವಿಗೆ ಬಿದ್ದರೆ ಅದು ಅವನ ಕೊರಳಿಗೆ ದಾಟುತ್ತಿತ್ತು. ಸಂಜೆ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿದೆಯೋ ಅವನಿಗೆ ಶಿಕ್ಷೆ. ಅಮ್ಮನ ಮಾತೇ ಅಪರಾಧವಾದ ಬಗೆ ಇದು. ನನಗೆ ಈ ಚಿತ್ರ ಯಾವ ಯುದ್ಧಕ್ಕಿಂತಲೂ ಹೆಚ್ಚು ಕಾಡುತ್ತದೆ.

ಹೀಗಿದ್ದೂ ಅದೇ ಬ್ರೆಟನ್ ರೈತನ ಮಗ 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಬಂದೂಕು ಹಿಡಿದು ಹೊರಟ. ಬರೀ ಬಲವಂತದಿಂದ ಎಂದರೆ ಅರ್ಧ ಸತ್ಯವಾದೀತು. ಅವನ ಮುತ್ತಜ್ಜ ದೊರೆಯ ಆಳು. ಇವನು ಮತ ಹಾಕುವ ಪೌರ, ದೇಶದಲ್ಲಿ ಪಾಲುದಾರ. ಊರು ಬಿಟ್ಟು ಪ್ಯಾರಿಸ್ಸಿನ ಕಾರ್ಖಾನೆ ಸೇರಿದವನಿಗೆ ಊರಿನ ಗುರುತು ಕಳಚಿತ್ತು. ರಾಷ್ಟ್ರ ಅವನಿಗೆ ಎಂದೂ ಮುಖ ಕಂಡಿರದ ಕೋಟ್ಯಂತರ ಬಂಧುಗಳನ್ನು ಕೊಟ್ಟಿತು. ಇಂದು ಫ್ರಾನ್ಸಿನ ಹಳ್ಳಿ ಹಳ್ಳಿಯಲ್ಲೂ ಆ ಯುದ್ಧದ ಸ್ಮಾರಕವಿದೆ. ಹಲವು ಕಡೆ ಅಧಿಕಾರಿ, ಕೂಲಿಯಾಳು ಎಂಬ ಭೇದವಿಲ್ಲದೆ ಹೆಸರುಗಳನ್ನು ಅಕಾರಾದಿಯಲ್ಲಿ ಕೊರೆದಿದ್ದಾರೆ. ದೊರೆಗಳ ಕಾಲದಲ್ಲಿ ಆಳು ಸತ್ತರೆ ಅವನ ಹೆಸರು ಬರೆಸುತ್ತಿದ್ದವರು ಯಾರು?

ಈ ವಿಷಯದಲ್ಲಿ ನಮ್ಮ ವೀರಗಲ್ಲು ಒಂದು ಕೈ ಮುಂದೆಯೇ ಇದೆ ಎನ್ನಿ. ಅದು ಸಾಮಾನ್ಯನ ಹೆಸರನ್ನೂ ಕೆತ್ತಿತ್ತು, ಆದರೆ ಊರಿನ ಲೆಕ್ಕದಲ್ಲಿ. ಹಳೆಯ ಕಲ್ಲುಗಳಿಗೆ ಹೊಸ ಅರ್ಥ ಕೊಡುವ ಕೆಲಸವನ್ನು ನೀವೊಬ್ಬರೇ ಮಾಡುತ್ತಿಲ್ಲ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದಾಗ ಮಾಡಿದ್ದೂ ಅದೇ. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಆಗ ಅದು ಬೇಕಿತ್ತು. ರಾಷ್ಟ್ರ ಕಟ್ಟಲು ನೆನಪಿನಷ್ಟೇ ಮರೆವೂ ಬೇಕು ಎಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಚಿಂತಕ ರೆನಾನ್ 1882ರಲ್ಲೇ ಹೇಳಿದ್ದ. ದನ ಕದ್ದವನೂ ನಮ್ಮವನೇ ಎಂಬುದನ್ನು ಮರೆತರೆ ಮಾತ್ರ ನಿಮ್ಮ ವಾದ ನಿಲ್ಲುತ್ತದೆ.

ಕಲ್ಲಿನಲ್ಲಿ ಬರಹವಿದೆಯೇ? ಇದ್ದರೆ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಜಿಲ್ಲೆಯ ಸಂಪುಟಗಳನ್ನು ಮಗಳ ಜೊತೆ ಕುಳಿತು ತಿರುವಿಹಾಕಿ. ಸೊರಬದ ಶಾಸನಗಳು ಅಲ್ಲಿ ತಾಲ್ಲೂಕುವಾರು ಸಿಗುತ್ತವೆ. ಸತ್ತವನ ಹೆಸರೂ ಸಿಕ್ಕೀತು.