6 ಅಡಿಯಲ್ಲಿ ಕೊನೇ ಸ್ಟೇಷನ್: ಇಂಜಿನ್ ಸುತ್ತಿ ಬರೋಕೆ ಜಾಗ ಇದೆಯಾ?

ಗೋಡೆ ಪಕ್ಕ 6 ಅಡಿ ಹಲಗೆಗೆ ಜಾಗ ಇದೆ, ಶಿವಮೊಗ್ಗ ಜಿಲ್ಲೆಯ ತಾಳಗುಪ್ಪದ ಥರ ಬ್ರಾಂಚ್ ಲೈನ್ ಮುಗಿಯುವ ಸ್ಟೇಷನ್ನಿನ ಮಾಡೆಲ್ ಮಾಡಬೇಕು, ಕಟ್ಟಡದಿಂದ ಶುರು ಮಾಡಲಾ ಹಳಿಯಿಂದಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಟೇಪು ತಗೊಂಡು ನೆಲದ ಮೇಲೆ ಕೂತ್ಕೊಳ್ಳಿ.

ಕೊನೇ ಸ್ಟೇಷನ್ನಿನ ಮಜಾ ಎಲ್ಲ ಒಂದೇ ಕೆಲಸದಲ್ಲಿದೆ. ರೈಲು ಬಂದು ನಿಂತ ಮೇಲೆ ಇಂಜಿನ್ ಬೋಗಿಗಳನ್ನು ಬಿಟ್ಟು ಮುಂದೆ ಹೋಗಬೇಕು, ಪಕ್ಕದ ಲೂಪ್ ಲೈನಲ್ಲಿ ಹಿಂದಕ್ಕೆ ಬಂದು ಇನ್ನೊಂದು ತುದಿಗೆ ಸೇರಿಕೊಳ್ಳಬೇಕು, ಆಗಲೇ ರೈಲು ವಾಪಸ್ ಹೊರಡೋಕೆ ಸಾಧ್ಯ. ಈ ಲೂಪ್ ಎಷ್ಟು ಉದ್ದ ಅನ್ನೋದೇ ನಿಮ್ಮ ರೈಲಿಗೆ ಎಷ್ಟು ಬೋಗಿ ಅಂತ ಹೇಳುತ್ತೆ. ಪ್ಲಾಟ್‌ಫಾರ್ಮ್, ಗೂಡ್ಸ್ ಶೆಡ್, ಅಡಿಕೆ ತೋಟ ಎಲ್ಲ ಆಮೇಲೆ.

ಅದಕ್ಕೂ ಮೊದಲು ಗೇಜ್, ಅಂದ್ರೆ ಎರಡು ಕಂಬಿಗಳ ನಡುವಿನ ಅಗಲ, ನಿರ್ಧಾರ ಮಾಡಿ. ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ರೈಲು ಬಂದಿದ್ದು 2011ರಲ್ಲಿ, ಅದಕ್ಕೂ ಹಿಂದೆ ಇದ್ದದ್ದು ಮೀಟರ್‌ಗೇಜ್. ನಾನು ಹೇಳೋದು ಹಳೇ ಕಾಲವನ್ನೇ ಆರಿಸಿ ಅಂತ. ಇದು ಬರೀ ಹಳೇದರ ಮೇಲಿನ ಮೋಹ ಅಲ್ಲ, ಲೆಕ್ಕವೂ ಇದೆ. ಎಚ್‌ಒ ಸ್ಕೇಲ್ ಅಂದ್ರೆ 1:87, ಅಸಲಿ ಗಾತ್ರದ 87ರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್‌ಗೆ ಬೇಕಾದ್ದು 19 ಮಿ.ಮೀ.ಗಿಂತ ಜಾಸ್ತಿ. ಹಾಗಾಗಿ ಅಗಲದ ಬೋಗಿ ಕೆಳಗೆ ಹಳಿ ಕಿರಿದಾಗಿ ಕಾಣುತ್ತೆ. ಮೀಟರ್‌ಗೇಜ್‌ಗೆ ಬೇಕಾದ್ದು 11.5, ಸಿಗೋದು 12. ಅರ್ಧ ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತೆ? ಟಿಟಿ ಅನ್ನೋ ಇನ್ನೂ ಚಿಕ್ಕ ಸ್ಕೇಲಿನ ಹಳಿಯೂ 12 ಮಿ.ಮೀ. ಇರೋದರಿಂದ ಅದರ ಇಂಜಿನ್ನಿನ ಚಾಸಿ (ಮೋಟಾರು, ಗಾಲಿ ಇರುವ ಕೆಳಭಾಗ) ತಂದು, ಮೇಲೆ ಮೀಟರ್‌ಗೇಜ್ ಡೀಸೆಲ್ ಇಂಜಿನ್ ವೈಡಿಎಂ-4ರ ಬಾಡಿಯನ್ನು 3ಡಿ ಪ್ರಿಂಟ್ ಮಾಡಿಸಿ ಕೂರಿಸಬಹುದು. ರೆಡಿಮೇಡ್ ಸಿಗುತ್ತೆ ಅಂತ ಕಾಯಬೇಡಿ.

ಈಗ ಅಳತೆ. ಮೀಟರ್‌ಗೇಜ್ ಬೋಗಿ 1:87ರಲ್ಲಿ ಸುಮಾರು 23 ಸೆಂ.ಮೀ., ಆ ಕಾಲದ ವೈಪಿ ಸ್ಟೀಮ್ ಇಂಜಿನ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಎರಡು ಬೋಗಿಯ ರೈಲು ಅಂದ್ಕೊಳ್ಳಿ. ಹಳಿ ಮುಗಿಯುವ ಕಡೆ ಇಂಜಿನ್ ನಿಲ್ಲೋಕೆ 25 ಸೆಂ.ಮೀ., ಲೂಪಿನ ಎರಡು ತುದಿಗೂ ಹಳಿ ಕವಲೊಡೆಯುವ ಪಾಯಿಂಟ್‌ಗೆ ಒಂದೊಂದಕ್ಕೆ 20ರಂತೆ 40, ಬೋಗಿಗಳಿಗೆ 46. ಒಟ್ಟು 111. ನಾನೂ ಮೊದಲು ಹೀಗೇ ಕೂಡಿಸಿ, ಹಳಿ ಹೊಡೆದು, ಜಲ್ಲಿನೂ ಅಂಟಿಸಿ ಬೀಗುತ್ತಿದ್ದೆ. ಇಂಜಿನ್ ಸುತ್ತಿ ಬರುವಾಗ ಕೊನೇ ಬೋಗಿಯ ಮೂಲೆಗೆ ಸರ್ರಂತ ಉಜ್ಜಿತು! ಪಾಯಿಂಟ್ ದಾಟಿದ ತಕ್ಷಣ ಎರಡು ಹಳಿ ನಡುವೆ ಪೂರ್ತಿ ಅಂತರ ಬಂದಿರಲ್ಲ ಅನ್ನೋದನ್ನೇ ಮರೆತಿದ್ದೆ. ನಿಜವಾದ ಯಾರ್ಡಿನಲ್ಲಿ ಅಲ್ಲಿಗೆ ಫೌಲಿಂಗ್ ಮಾರ್ಕ್ ಅಂತ ಒಂದು ಗುರುತು ನೆಟ್ಟಿರ್ತಾರೆ, ಅದನ್ನು ದಾಟಿ ಬೋಗಿ ನಿಲ್ಲಿಸೋ ಹಾಗಿಲ್ಲ. ಒಂದೊಂದು ಕಡೆಗೂ ಇನ್ನೊಂದು 10 ಸೆಂ.ಮೀ. ಬಿಡಿ. ಅಲ್ಲಿಗೆ 131 ಆಯ್ತು. (ನನ್ನ ಹಳಿ ಬಿಚ್ಚಿದ್ದು ಹೇಗೆ ಅಂದ್ರೆ, ಬಿಸಿನೀರು ಸುರಿದು ಫೆವಿಕಾಲ್ ಮೆತ್ತಗೆ ಮಾಡಿ, ಎರಡು ಭಾನುವಾರ.)

ನಿಮ್ಮ 6 ಅಡಿ ಅಂದ್ರೆ 183 ಸೆಂ.ಮೀ. ಉಳಿದದ್ದು 52. ಆದರೆ ರೈಲು ಎಲ್ಲಿಂದಲೋ ಬರಬೇಕಲ್ವಾ? ಕಣ್ಣಿಗೆ ಕಾಣದ ಆ ಬಾಕಿ ಪ್ರಪಂಚಕ್ಕೆ ಇಂಗ್ಲೆಂಡಿನ ಹವ್ಯಾಸಿಗಳು ಫಿಡಲ್ ಯಾರ್ಡ್ ಅಂತಾರೆ. ಇಂಜಿನ್ ಪ್ಲಸ್ ಎರಡು ಬೋಗಿಗೆ 70 ಸೆಂ.ಮೀ. ಬೇಕು. ಹಾಗಾಗಿ ಆಡುವಾಗ ಮಾತ್ರ ಸಿಕ್ಕಿಸುವ ಒಂದಡಿಯ ಹಲಗೆ ಮಾಡಿ, ಉಳಿದ 52ರ ಜೊತೆ ಅದನ್ನು ಸೇರಿಸಿ ಅಲ್ಲಿ ರೈಲು ಸಮೇತ ಎತ್ತಿ ತಿರುಗಿಸಬಹುದಾದ ಹಳಿಯ ಕ್ಯಾಸೆಟ್ ಇಡಿ. ಲೂಪಿನಿಂದ ಹೊರಬಂದ ಇಂಜಿನ್ ನಿಂತು ದಿಕ್ಕು ಬದಲಿಸೋಕೂ ಅದೇ ಜಾಗ ಆಗುತ್ತೆ. ಇದೆಲ್ಲ ರಗಳೆ ಅನ್ನಿಸಿದ್ರೆ ಒಂದು ಸುಲಭದ ದಾರಿ ಇದೆ: ಮೀಟರ್‌ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ರೈಲ್‌ಬಸ್ ಓಡುತ್ತಿತ್ತು, ಒಂದೇ ಪುಟ್ಟ ಗಾಡಿ. ಅದನ್ನೇ ಮಾಡಿ. ನನಗಂತೂ ಇಂಜಿನ್ ಸುತ್ತಿಸದೆ ಸಮಾಧಾನ ಆಗಲ್ಲ.

ಗೂಡ್ಸ್‌ಗೆ ಎರಡು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ) ಸಾಕು, ಆದರೆ ಎರಡನ್ನೂ ಒಂದೇ ದಿಕ್ಕಿಗೆ ತೆರೆಯಬೇಡಿ. ಒಂದಕ್ಕೆ ಬಂದ ಇಂಜಿನ್ ಹಾಗೇ ಹಿಂದಕ್ಕೆ ತಳ್ಳಿ ವ್ಯಾಗನ್ ಬಿಡುವಂತಿರಲಿ, ಇನ್ನೊಂದಕ್ಕೆ ಲೂಪ್ ಸುತ್ತಿ ಬಂದು ಹಿಂದಿನಿಂದ ತಳ್ಳಲೇಬೇಕು ಅನ್ನುವಂತಿರಲಿ. ಮೂರು ವ್ಯಾಗನ್ ಇದ್ರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಕಟ್ಟಡಕ್ಕೆ ಅರಸಾಳಿಗೆ ಒಂದು ಸಲ ಹೋಗಿ ಬನ್ನಿ. ಅದೇ ಲೈನಿನ ಹಳೇ ಸ್ಟೇಷನ್ ಕಟ್ಟಡವನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ನಾಲ್ಕೂ ಕಡೆ ಫೋಟೋ ತೆಗೀರಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ತೆಗೆದ್ರೆ ಎತ್ತರದ ಅಂದಾಜೂ ಸಿಗುತ್ತೆ. ಕೆಂಪು ಮಣ್ಣನ್ನೂ ಒಂದು ಡಬ್ಬಿ ತನ್ನಿ, ಬಣ್ಣದಲ್ಲಿ ಆ ಕೆಂಪು ತರೋಕೆ ನನಗಿನ್ನೂ ಆಗಿಲ್ಲ. ಒಣಗಿಸಿ, ಜರಡಿ ಹಿಡಿದು, ಅಂಟಿಸುವ ಮುಂಚೆ ಅಯಸ್ಕಾಂತ ಆಡಿಸಿ. ಆ ಮಣ್ಣಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಿನ ಕಣ ಇರಬಹುದು, ಹಾಗೇ ಬಿಟ್ರೆ ಮೋಟಾರಿಗೆ ಹೋಗಿ ಅಂಟಿಕೊಳ್ಳಬಹುದು. ಜಲ್ಲಿಗೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೊಂದು ಹನಿ ಪಾತ್ರೆ ತೊಳೆಯೋ ಸೋಪು. ಸೋಪು ಇಲ್ಲದಿದ್ರೆ ಅಂಟು ಕೆಳಗಿಳಿಯಲ್ಲ, ಮೇಲೇ ಗುಂಡಗೆ ನಿಲ್ಲುತ್ತೆ. ಪ್ಲೈವುಡ್‌ಗೆ ಎರಡೂ ಮುಖಕ್ಕೆ ವಾರ್ನಿಷ್ ಹೊಡೀರಿ, ಒಂದೇ ಮುಖಕ್ಕೆ ಹೊಡೆದ್ರೆ ಮಳೆಗಾಲದಲ್ಲಿ ಸೊಟ್ಟಗಾಗುತ್ತೆ.

ಈ ವಾರ ಮಾತ್ರ ದುಡ್ಡು ಖರ್ಚು ಮಾಡಬೇಡಿ. ರಟ್ಟಿನಲ್ಲಿ ಪಾಯಿಂಟ್, ಬೋಗಿ, ಇಂಜಿನ್ ಅಳತೆಗೆ ಕತ್ತರಿಸಿ, ನೆಲದ ಮೇಲೆ 6 ಅಡಿ ಸೀಮೆಸುಣ್ಣದಲ್ಲಿ ಗೀಚಿ, ಕೈಯಲ್ಲೇ ತಳ್ಳಿಕೊಂಡು ರೈಲು ಬಿಡಿ. ಎಲ್ಲಿ ಉಜ್ಜುತ್ತೋ ಅಲ್ಲೊಂದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡೋಣ.